ಜಲೀಲಾಕನ ಕ್ಯಾರವಾನ್ ಲುಸೈಲಿಗೆ ಹೋದದ್ದು

ದೋಹಾದ ಅಲ್ ಮುಂತಜಾ ಬಡಾವಣೆಯ ಹಿಂದಿನ ಓಣಿಯಲ್ಲಿ ನಿಂತು ಕುಶನ್ ಜಲೀಲಾಕನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಬೋರ್ಡು ತೋರಿಸುತ್ತಿರಲಿಲ್ಲ. ಬೋರ್ಡಿನ ಅಕ್ಷರ ಬಿಸಿಲಿಗೆ ಬಿಳಿಚಿ ಯಾವ ಕಾಲವಾಗಿತ್ತೋ. "ಹೊರಗೆ ಕಾಲು ಮುರಿದ ಸೋಫಾ ಉಂಟು, ಅದರ ಮೇಲೆ ಬೆಕ್ಕೊಂದು ಮಲಗಿರ್ತದೆ, ಅದೇ ಅಂಗಡಿ" ಎನ್ನುತ್ತಿದ್ದರು. ಆ ಮುರುಕು ಸೋಫಾಕ್ಕೂ ಪ್ಲಾಸ್ಟಿಕ್ ಹೊದಿಸಿತ್ತು. ಬೆಕ್ಕು ಮಲಗುತ್ತಿದ್ದದ್ದು ಪ್ಲಾಸ್ಟಿಕ್ಕಿನ ಮೇಲೆಯೇ.

ಈ ಪ್ಲಾಸ್ಟಿಕ್ಕಿನ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಜಲೀಲಾಕ ಎಂಥ ಮನುಷ್ಯ ಎಂಬುದು ತಿಳಿಯುವುದಿಲ್ಲ. ಮೂವತ್ತನಾಲ್ಕು ವರ್ಷದಿಂದ ದೋಹಾದಲ್ಲಿ ಸೀಟು ಹೊಲಿಯುತ್ತಿರುವವರು ಅವರು. ಅತಿಥಿಗಳು ಕೂರುವ ಮಜ್ಲಿಸಿನ ಉದ್ದದ ಆಸನವಿರಲಿ, ಕಾರಿನ ಸೀಟಿರಲಿ, ಹಲ್ಲಿನ ಡಾಕ್ಟರರ ಕುರ್ಚಿಯಿರಲಿ, ಕೊನೆಯ ಹೊಲಿಗೆ ಬಿದ್ದ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಎಳೆದು, ಅಡಿಗೆ ಪಿನ್ನು ಹೊಡೆದರೇ ಅವರ ಲೆಕ್ಕದಲ್ಲಿ ಕೆಲಸ ಮುಗಿದ ಹಾಗೆ. ಧೂಳಿನ ಊರು, ಮಕ್ಕಳು ಮರಿ ಇರುವ ಮನೆಗಳು. ಗಿರಾಕಿಗಳೂ ಅದನ್ನೇ ಬಯಸುತ್ತಿದ್ದರು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ, ಮಗಳು ಅಸೀಫಾಳ ಮದುವೆಗೆಂದು ಮಾಡಿದ ಸೋಫಾ ಹತ್ತು ವರ್ಷವಾದರೂ ಪ್ಲಾಸ್ಟಿಕ್ಕಿನೊಳಗೇ ಇದೆ. ಬೇಸಿಗೆಯಲ್ಲಿ ಮೊಮ್ಮಕ್ಕಳು ಚಡ್ಡಿ ಹಾಕಿಕೊಂಡು ಕೂತು ಎದ್ದರೆ ತೊಡೆ ಪರ್ರೆಂದು ಕಿತ್ತು ಬರುತ್ತದೆ. "ಇದು ಸೋಫಾವಾ, ಮೀನು ಕಟ್ಟಿಕೊಟ್ಟ ಪ್ಲಾಸ್ಟಿಕ್ ತೊಟ್ಟೆಯಾ?" ಎಂದು ಹೆಂಡತಿ ಝೈನಬ ಕೇಳಿ ಕೇಳಿ ಬಿಟ್ಟಿದ್ದಾರೆ. "ಒಳಗಿನ ಬಟ್ಟೆ ಇನ್ನೂ ಹೊಸದೇ ಉಂಟಲ್ಲ?" ಎಂಬುದು ಜಲೀಲಾಕನ ಉತ್ತರ.

ಊರು ಪಾಣೆಮಂಗಳೂರು. ಹದಿನಾರನೆಯ ವಯಸ್ಸಿಗೆ ಮಂಗಳೂರಿನ ಬಸ್ ಬಾಡಿ ಕಟ್ಟುವ ಶೆಡ್ಡಿಗೆ ಸೇರಿ, ಸ್ಪಂಜು ಕೊಯ್ದು ರೆಕ್ಸಿನ್ ಎಳೆಯುವುದನ್ನು ಕಲಿತರು. ತೊಂಬತ್ತೊಂದರಲ್ಲಿ, ಕುವೈತಿನ ಯುದ್ಧ ನಿಂತು ಮತ್ತೆ ವೀಸಾ ಸಿಗತೊಡಗಿದಾಗ, ಒಂದು ದಬ್ಬಣ, ಒಂದು ದೊಡ್ಡ ಕತ್ತರಿ ಹಿಡಿದುಕೊಂಡು ಕತಾರಿಗೆ ಬಂದಿಳಿದರು. ಈಗ ವಯಸ್ಸು ಐವತ್ತಾರು. ದಬ್ಬಣಕ್ಕೆ ದಾರ ಪೋಣಿಸಲು ಎಂಟು ವರ್ಷದ ಮೊಮ್ಮಗಳು ಹಿಬಾ ಬೇಕು. ಬೆರಳು ಮಾತ್ರ ಇನ್ನೂ ತಪ್ಪುವುದಿಲ್ಲ.

ಅಂಗಡಿಯ ಹಿಂದೆ ಒಂದು ಅಂಗಳ. ಅಲ್ಲಿ ನಿಂತಿತ್ತು ಕ್ಯಾರವಾನ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ. ಒಳಗೆ ಎದುರುಬದುರು ಎರಡು ಆಸನ, ನಡುವೆ ಮಡಚುವ ಮೇಜು, ಮೇಜು ಇಳಿಸಿದರೆ ಅದೇ ಹಾಸಿಗೆ. ಎಪ್ಪತ್ತಮೂರರ ಇಸವಿಯದ್ದು, ಹಡಗಿನಲ್ಲಿ ಬಂದದ್ದು. ಅಬೂ ಖಾಲಿದ್ ಎಂಬ ಹಳೆಯ ಗಿರಾಕಿ ಪ್ರತಿ ಚಳಿಗಾಲ ಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು ಮರುಭೂಮಿಯಲ್ಲಿ ಡೇರೆ ಹಾಕಲು ಹೋಗುತ್ತಿದ್ದರು. ಮಕ್ಕಳು ದೊಡ್ಡವರಾಗಿ ಏಸಿ ಇರುವ ದೊಡ್ಡ ದೊಡ್ಡ ಗಾಡಿ ತಂದರು. ಸೀಟು ಸರಿಮಾಡಲೆಂದು ಬಂದ ಈ ಹಳೆಯದ್ದನ್ನು ಕೊಂಡೊಯ್ಯುವವರಿಲ್ಲದೆ ಹೋಯಿತು. "ಜಲೀಲ್, ನಿನ್ನ ಹತ್ತಿರವೇ ಇರಲಿ" ಎಂದು ಮುದುಕರು ಕಾಗದ ಮಾಡಿಕೊಟ್ಟು, ಮುಂದಿನ ವರ್ಷವೇ ತೀರಿಕೊಂಡರು.

ಎರಡು ಚಳಿಗಾಲ ಜಲೀಲಾಕ ಶುಕ್ರವಾರ ಶುಕ್ರವಾರ ಅದನ್ನು ಸರಿಮಾಡುತ್ತ ಕೂತರು. ಜೊತೆಗೆ ಹಿಬಾ, ಅವಳ ತಮ್ಮ ಐದು ವರ್ಷದ ಸಫ್ವಾನ್. ಮಕ್ಕಳಿಗೆ ಅಜ್ಜ, ಅವರ ಬಾಯಲ್ಲಿ ಉಪ್ಪಪ್ಪ, ಒಂದೊಂದು ತುಂಡು ಮರಳು ಕಾಗದ ಕೊಟ್ಟು ಚಕ್ರದ ತುಕ್ಕು ಉಜ್ಜಿಸಿದರು. ಮೈಗೆ ಕೆನೆಬಣ್ಣ, ಸೊಂಟದ ಹತ್ತಿರ ಎಳೆ ಹಸಿರಿನ ಪಟ್ಟಿ. ಪಟ್ಟಿ ಒಂದು ಕಡೆ ಕೊಂಚ ಡೊಂಕು, ಅದು ಸಫ್ವಾನನದ್ದು. ಒಳಗೆ ಕಡು ಹಸಿರು ಮಖಮಲ್ಲಿನ ಆಸನ, ಅಲ್ಲಲ್ಲಿ ಗುಂಡಿ ಕೂರಿಸಿ ಗುಳಿ ಬೀಳುವ ಹಾಗೆ ಹೊಲಿದದ್ದು. ಆಸನ ಮುಗಿದ ದಿನ ಪ್ಲಾಸ್ಟಿಕ್ ಬಿತ್ತು. ಅಲ್ಲಿಂದಾಚೆ ಮಕ್ಕಳು ಹೊರಗೆ.

ಅಷ್ಟರಲ್ಲಿ ಕಟ್ಟಡ ಕೆಡವುತ್ತೇವೆ ಎಂದು ನೋಟಿಸು ಬಂತು. ಅಂಗಡಿಗೆ ಬೇರೆ ಕಡೆ ಒಂದು ಮಳಿಗೆ ಸಿಕ್ಕಿತು, ಆದರೆ ಅಂಗಳ ಸಿಗಲಿಲ್ಲ. ಓಲ್ಡ್ ಏರ್‌ಪೋರ್ಟಿನ ಫ್ಲ್ಯಾಟಿನ ಕೆಳಗೆ ಒಂದು ಸೈಕಲ್ ನಿಲ್ಲಿಸಲಿಕ್ಕೇ ಜಗಳ. ಕೆಡವುವ ಕಂಪನಿಯವನು ಬಂದು, ಅಂಗಳದಲ್ಲಿ ಉಳಿದದ್ದನ್ನೆಲ್ಲ ಆದಿತ್ಯವಾರ ಕ್ರೇನು ತಂದು ಗುಜರಿಗೆ ಎತ್ತುವುದು ಎಂದು, ಕ್ಯಾರವಾನಿನ ಕೆನ್ನೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಹೋದ. ಹಿಬಾ ಅದನ್ನು ಅಂಗೈಯಿಂದ ಉಜ್ಜಿ ಅಳಿಸಿದಳು. ಕ್ರೇನಿನವನು ಗೀಟು ನೋಡಿಕೊಂಡು ಬರುವವನಲ್ಲ ಎಂದು ಅವಳಿಗೆ ಹೇಳಲು ಜಲೀಲಾಕನಿಗೆ ಮನಸ್ಸು ಬರಲಿಲ್ಲ.

ದಾರಿ ತೋರಿಸಿದವರು ಕೆಳಗಿನ ಮಹಡಿಯ ಪಾಸ್ಕಲ್. ಶಿರ್ವದ ಕಡೆಯವರು, ಒಂದೇ ಆಫೀಸಿನಲ್ಲಿ ಮೂವತ್ತು ವರ್ಷ ಕ್ಲಾರ್ಕು. ದೋಹಾದ ಪಕ್ಕದ ಲುಸೈಲಿನಲ್ಲಿ ಸಮುದ್ರದ ಬದಿಯ ಬಯಲಿನಲ್ಲಿ ಹಳೆಯ ಕಾರು, ಹಳೆಯ ಗಾಡಿಗಳ ಹಬ್ಬ ನಡೆಯುತ್ತದೆ, ರೆಟ್ರೊ ಎಂದು ಅದಕ್ಕೆ ಹೆಸರು, ಅಲ್ಲಿಗೆ ಬರುವ ಕ್ಯಾರವಾನುಗಳಲ್ಲಿ ಒಂದನ್ನು ಆರಿಸಿ ಪಾರ್ಕಿನಲ್ಲಿ ಮಕ್ಕಳ ಕತೆಯ ಕೋಣೆಯಾಗಿ ಕಾಯಂ ನಿಲ್ಲಿಸಿಕೊಳ್ಳುತ್ತಾರೆ ಎಂಬುದನ್ನು ಅವರು ಎಲ್ಲಿಂದಲೋ ಹಿಡಿದು ತಂದರು. ಅರ್ಜಿಯನ್ನೂ ಅವರೇ ಬರೆದರು.

"ಎಂತ ಪೊರ್ಬುಗಳೇ, ಸಿಗ್ತದಾ?" ಎಂದು ಜಲೀಲಾಕ ಕೇಳಿದರು. ಊರಿನ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳೆಂದೂ ಮುಸ್ಲಿಮರನ್ನು ಬ್ಯಾರಿಗಳೆಂದೂ ಕರೆಯುವುದು ರೂಢಿ.

"ನಾನು ಬರೆದ ಅರ್ಜಿಗೆ ಇಷ್ಟರವರೆಗೆ ಇಲ್ಲ ಅಂತ ಹೇಳಿದವ ಒಬ್ಬನೇ, ನನ್ನ ಮ್ಯಾನೇಜರ್. ಅದು ರಜೆಯ ಅರ್ಜಿ" ಎಂದರು ಪಾಸ್ಕಲ್.

ಕ್ರೇನು ಬರುವುದಕ್ಕೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗಲೇ ಹೊರಟರು. ಜಲೀಲಾಕನ ಡಬಲ್ ಕ್ಯಾಬಿನ್ ಪಿಕಪ್ಪಿನ ಹಿಂದೆ ಕ್ಯಾರವಾನ್, ಮುಂದಿನ ಸೀಟಿನಲ್ಲಿ ಫೈಲು ತಬ್ಬಿಕೊಂಡ ಪಾಸ್ಕಲ್, ಹಿಂದೆ ಬೆಲ್ಟು ಬಿಗಿದ ಇಬ್ಬರು ಮಕ್ಕಳು, ಝೈನಬ ಅಕ್ಕಿತರಿಯ ಉಂಡೆ ಪುಂಡಿ ತುಂಬಿ ಕಟ್ಟಿಕೊಟ್ಟ ಡಬ್ಬಿ. ಸಫ್ವಾನ್ ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದ. "ಬರ್ತಾ ಉಂಟು, ಉಪ್ಪಪ್ಪ. ಸ್ಟಿಲ್ ಬರ್ತಾ ಉಂಟು" ಎಂದು ಪ್ರತಿ ಸಿಗ್ನಲ್ಲಿಗೂ ವರದಿ ಕೊಡುತ್ತಿದ್ದ.

"ಬಾರದೆ ಎಲ್ಲಿಗೆ ಹೋಗ್ತದೆ ಮೋನೇ? ಕಟ್ಟಿ ಹಾಕಿದ್ದೇನಲ್ಲ."

"ಉಪ್ಪಪ್ಪ, ಅಲ್ಲಿ ಹೋದ ಮೇಲೆ ನಾವು ಒಳಗೆ ಕೂರ್ಬಹುದಾ?" ಇದು ಹಿಬಾ.

"ಮೊದಲು ಅವರು ನೋಡ್ಲಿ. ಪಾಸಾಗ್ಲಿ. ಆಮೇಲೆ ನೋಡುವ."

ಬಯಲು ತಲುಪಿ, ಗಾಡಿ ನಿಲ್ಲಿಸಿ, ಜುಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಜನ ಸೇರಿತ್ತು. ಚಪ್ಪಟೆ ಮೂತಿಯ ಹಳೆಯ ಪಿಕಪ್ಪುಗಳು, ರೆಕ್ಕೆಯಂತಹ ಬಾಲದ ಕಾರುಗಳು, ಕ್ಯಾಸೆಟ್ಟು ಮಾರುವವನೊಬ್ಬ. ಬಿಸಿಲು ಹಿತವಾಗಿತ್ತು, ಸಮುದ್ರದ ಕಡೆಯಿಂದ ಸಣ್ಣ ಗಾಳಿ. ಕ್ಯಾರವಾನುಗಳ ಸಾಲಿನಲ್ಲಿ ಐದು ನಿಂತಿದ್ದವು. ಜಲೀಲಾಕನ ಪಕ್ಕದಲ್ಲಿ ಒಬ್ಬ ಲೆಬನಾನಿನವನದ್ದು. ಅದರ ಬಣ್ಣ ಅಲ್ಲಲ್ಲಿ ಎದ್ದಿತ್ತು, ಒಂದು ಕಿಟಕಿಗೆ ಗಾಜಿನ ಬದಲು ರಟ್ಟು. ಆದರೆ ಅವನು ಬಾಗಿಲು ಹಾರು ಹೊಡೆದಿಟ್ಟಿದ್ದ, ಒಳಗಿಂದ ಪಾಪ್‌ಕಾರ್ನಿನ ವಾಸನೆ, ಮಕ್ಕಳು ಜೇನುಗೂಡಿನ ಹಾಗೆ ಗಿಜಿಗುಟ್ಟುತ್ತಿದ್ದರು.

ಜಲೀಲಾಕನ ಕ್ಯಾರವಾನಿನ ಮುಂದೆ ಜನ ನಿಲ್ಲುತ್ತಿದ್ದರು, ಮಾಶಾ ಅಲ್ಲಾ ಎನ್ನುತ್ತಿದ್ದರು, ಫೋಟೊ ಹೊಡೆದುಕೊಳ್ಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಒಂದು ಮಗು ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಜಲೀಲಾಕ ಅಡ್ಡ ಬಂದು ನಗುತ್ತಲೇ "ಲಾ ಲಾ, ಹಬೀಬಿ, ಶೂಸ್" ಎನ್ನುತ್ತಿದ್ದರು. ಶೂ ಬಿಚ್ಚಿದರೆ "ಜ್ಯೂಸ್" ಎನ್ನುತ್ತಿದ್ದರು. ಜ್ಯೂಸ್ ಕೆಳಗಿಟ್ಟರೆ ಕೈ ಒರೆಸಲು ಬಟ್ಟೆ ಹುಡುಕುತ್ತಿದ್ದರು. ಅಷ್ಟರಲ್ಲಿ ಮಗು ಪಾಪ್‌ಕಾರ್ನಿನ ಕಡೆ ಓಡಿರುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಆರಿಸುವವರು ಬಂದರು. ಒಬ್ಬಳೇ ಹೆಂಗಸು, ಕಪ್ಪು ಅಬಾಯಾ, ಕೈಯಲ್ಲೊಂದು ಪುಟ್ಟ ಪುಸ್ತಕ. ಹೆಸರು ನೂರಾ, ಮಕ್ಕಳ ಪುಸ್ತಕದ ವಿಭಾಗದವಳು. ಜಲೀಲಾಕ ಅಂಗಡಿಯಲ್ಲಿ ಕಲಿತ ಅರಬಿಯಲ್ಲಿ ಸಲಾಂ ಹೇಳಿ ಒಳಗೆ ಕರೆದರು.

"ತುಂಬ ಚೆನ್ನಾಗಿದೆ. ಎಲ್ಲ ನೀವೇ ಮಾಡಿದ್ದಾ?" ಎಂದಳು.

"ನಾನೇ. ಈ ಮಕ್ಕಳೂ ಮಾಡಿದ್ದಾರೆ."

ಅವಳು ಆಸನದ ಮೇಲೆ ಅಂಗೈ ಊರಿದಳು. ಪ್ಲಾಸ್ಟಿಕ್ಕು ಚರಚರ ಅಂದಿತು. ಬಾಗಿಲಲ್ಲಿ ನಿಂತಿದ್ದ ಹಿಬಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: "ಇದರೊಳಗೆ ನಿನಗೆ ತುಂಬ ಇಷ್ಟವಾದ ಜಾಗ ಯಾವುದು?"

ಹಿಬಾಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನನಗೆ ಗೊತ್ತಿಲ್ಲ. ನಾವು ಒಳಗೆ ಕೂತಿಲ್ಲ. ಕೂರಬಾರದು" ಎಂದಳು.

ನೂರಾ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಸೂರ್ಯ ಮುಳುಗುವ ಮೊದಲು ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಇಳಿದು ಪಕ್ಕದ ಕ್ಯಾರವಾನಿಗೆ ಹೋದಳು. ಅಲ್ಲಿಂದ ಅವಳ ನಗು ಕೇಳಿಸಿತು.

"ಎಂತ ಬರೆದಳು?" ಜಲೀಲಾಕ ಪಿಸುಗುಟ್ಟಿದರು.

"ಆಫೀಸಲ್ಲಿ ಮೂವತ್ತು ವರ್ಷ ಬೇರೆಯವರ ಕಾಗದ ತಲೆಕೆಳಗೆ ಓದಿದವ ನಾನು. ಆದ್ರೆ ಅರಬಿ ತಲೆಕೆಳಗೆ ಓದ್ಲಿಕ್ಕೆ ಬರುದಿಲ್ಲ ಮಾರಾಯ್ರೆ" ಎಂದರು ಪಾಸ್ಕಲ್. ಫೈಲನ್ನು ಕಂಕುಳಿಗೆ ಸೇರಿಸಿ ಮತ್ತೆ ಹೇಳಿದರು: "ಓದುವ ಅಗತ್ಯ ಏನುಂಟು? ಅವರು ಕೇಳಿದ್ದು ಮಕ್ಕಳಿಗೆ ಕೋಣೆ. ನೀವು ತಂದದ್ದು ಶೋಕೇಸು."

"ಅಲ್ಲ ಪೊರ್ಬುಗಳೇ, ಮಖಮಲ್ಲು ಅದು. ಈ ಮಕ್ಕಳ ಕೈಗೆ ಕೊಟ್ರೆ ಒಂದು ಗಂಟೆಯಲ್ಲಿ ಹಾಳು."

"ಆದಿತ್ಯವಾರ ಕ್ರೇನಿನವ ಬರ್ತಾನಲ್ಲ. ಅವ ಬಹಳ ಜೋಪಾನ ಮಾಡ್ತಾನಾ ಬ್ಯಾರಿಗಳೇ?"

ಜಲೀಲಾಕನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವರು ಮಾತು ನಿಲ್ಲಿಸಿ ಕೆಲಸ ಮಾಡುವವರು. ಬಟ್ಟೆ ತೆಗೆದುಕೊಂಡು ಗಾಜು ಒರೆಸಿದರು, ಹಿಡಿಕೆ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಇಳಿಹೊತ್ತಿನ ಅಸರ್ ನಮಾಜು ಮಾಡಿ ಬಂದರು. ಊಟದ ಡಬ್ಬಿ ಬಿಚ್ಚೋಣ ಎಂದು ನೋಡಿದರೆ ಸಫ್ವಾನ್ ಕಾಣಲಿಲ್ಲ.

"ಸಫ್ವಾನ್ ಎಲ್ಲಿ?"

ಹಿಬಾ ಬೆರಳು ಕೆಳಗೆ ತೋರಿಸಿದಳು.

ಜಲೀಲಾಕ ಮಂಡಿಯೂರಿ ಬಗ್ಗಿ ನೋಡಿದರು. ಕ್ಯಾರವಾನಿನ ಅಡಿಯಲ್ಲಿ, ಅವನೇ ಉಜ್ಜಿ ಹೊಳಪು ಮಾಡಿದ ಚಕ್ರದ ಪಕ್ಕದಲ್ಲಿ, ಯಾರೋ ಬಿಸಾಡಿದ ನೀರಿನ ಬಾಟಲಿಯ ರಟ್ಟಿನ ಪೆಟ್ಟಿಗೆ ಹಾಸಿಕೊಂಡು ಹುಡುಗ ನಿದ್ದೆ ಹೋಗಿದ್ದ. ಕೆನ್ನೆಗೆ ಮರಳು ಮೆತ್ತಿತ್ತು. ಅವನ ತಲೆಯಿಂದ ಒಂದು ಮೊಳ ಮೇಲೆ, ಹಲಗೆಯ ಆಚೆ, ಐದಿಂಚು ದಪ್ಪದ ಹೊಸ ಸ್ಪಂಜಿನ ಮೇಲೆ ಹಸಿರು ಮಖಮಲ್ಲು, ಅದರ ಮೇಲೆ ಪ್ಲಾಸ್ಟಿಕ್ಕು.

"ಅವನಿಗೆ ನಿದ್ದೆ ಬಂತು. ನಾನೇ ಹೇಳಿದ್ದು, ಇಲ್ಲಿ ಮಲಗು, ಇಲ್ಲಿ ಉಪ್ಪಪ್ಪ ಬೈಯುದಿಲ್ಲ ಅಂತ" ಎಂದಳು ಹಿಬಾ.

ಜಲೀಲಾಕ ಬಗ್ಗಿದಲ್ಲಿಂದಲೇ ಕೈ ಚಾಚಿ ಆ ರಟ್ಟನ್ನು ಒತ್ತಿ ನೋಡಿದರು. ಇಷ್ಟು ವರ್ಷ ಎಷ್ಟು ಮನೆಯ ಮಕ್ಕಳಿಗೆ ಕೂರಲು ಹೊಲಿದೆ ಎಂದು ಮನಸ್ಸಿನಲ್ಲೇ ಎಣಿಸಲು ಹೊರಟವರು, ಅವರಲ್ಲಿ ಎಷ್ಟು ಜನರಿಗೆ ಆ ಬಟ್ಟೆ ಮುಟ್ಟಿ ಗೊತ್ತು ಎಂಬಲ್ಲಿ ಲೆಕ್ಕ ನಿಲ್ಲಿಸಿಬಿಟ್ಟರು. ಎದ್ದು, ಮಂಡಿಯ ಮರಳು ಕೂಡ ಕೊಡವದೆ, ಪಿಕಪ್ಪಿಗೆ ಹೋಗಿ ಬಾಗಿದ ಮೊನೆಯ ಚೂರಿ ತಂದರು.

ಪ್ಲಾಸ್ಟಿಕ್ ಹೊದಿಸುವುದು ಗೊತ್ತಿತ್ತು. ತೆಗೆಯುವುದು ಇದೇ ಮೊದಲು. ಅಂಚಿಗೆ ಚೂರಿ ತಾಗಿಸಿ ಎಳೆದಾಗ ಕೈ ಒಂದು ಸಲ ತಡೆಯಿತು. ಆಮೇಲೆ ಸರ್ರೆಂದು ಹೋಯಿತು. ಹಿಬಾ ಇನ್ನೊಂದು ತುದಿ ಹಿಡಿದು ಎಳೆದಳು. ಅಷ್ಟು ದೊಡ್ಡ ಹಾಳೆ ಚರಚರನೆ ಮುದುಡಿ ಪಾಸ್ಕಲ್ಲರ ಕೈಗೆ ಬಂತು. ಅವರು ಅದನ್ನು ಉಂಡೆ ಕಟ್ಟಿ ಫೈಲಿನ ಜೊತೆಗೆ ಕಂಕುಳಲ್ಲಿಟ್ಟುಕೊಂಡರು.

ಜಲೀಲಾಕ ಅಡಿಯಿಂದ ಸಫ್ವಾನನನ್ನು ಎಳೆದೆತ್ತಿ, ಮರಳಿನ ಸಮೇತ ಮಖಮಲ್ಲಿನ ಮೇಲೆ ಮಲಗಿಸಿದರು. ಹುಡುಗ ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ನೋಡಿ, ಧಿಗ್ಗನೆ ಎದ್ದು ಕೂತ.

"ನಾಟ್ ಮೀ, ಉಪ್ಪಪ್ಪ! ನಾನು ಹತ್ಲಿಲ್ಲ!"

"ಗೊತ್ತುಂಟು. ನಾನೇ ಹತ್ತಿಸಿದ್ದು. ಬಾಗಿಲು ತೆಗಿ, ಯಾರೆಲ್ಲ ಬರ್ತಾರೆ ಬರ್ಲಿ."

ಅಷ್ಟು ಹೇಳಿದ್ದೇ ತಡ. ಹಿಬಾ ಪಕ್ಕದ ಸಾಲಿಗೆ ಓಡಿ, ಯಾವ ಭಾಷೆಯಲ್ಲಿ ಕರೆದಳೋ, ಹತ್ತು ನಿಮಿಷದಲ್ಲಿ ಹದಿಮೂರು ಮಕ್ಕಳು ಒಳಗಿದ್ದರು. ಮೊದಲು ಮಾವಿನ ಜ್ಯೂಸ್ ಬಿತ್ತು. ಜಲೀಲಾಕ ಕಣ್ಣು ಮುಚ್ಚಿಕೊಂಡರು. ಆಮೇಲೆ ಪಾಪ್‌ಕಾರ್ನ್ ಗುಂಡಿಯ ಗುಳಿಗಳಲ್ಲಿ ಸೇರಿಕೊಂಡಿತು. ಆಮೇಲೆ ಟಕ್ಕೆಂದು ಒಂದು ಗುಂಡಿಯೇ ಕಿತ್ತು ಬಂತು. ಕಿತ್ತ ಪುಟ್ಟ ಹುಡುಗಿ, ಸಿರಿಯಾದ ಕಡೆಯವಳಿರಬೇಕು, ಅದನ್ನು ಅಂಗೈಯಲ್ಲಿಟ್ಟುಕೊಂಡು ತುಟಿ ಸೊಟ್ಟಗೆ ಮಾಡಿದಳು.

"ಮಾಫಿ ಮುಶ್ಕಿಲ್, ಏನೂ ಆಗಲಿಲ್ಲ" ಎಂದು ಜಲೀಲಾಕ ಅವಳ ಕೈಯಿಂದ ಗುಂಡಿ ಇಸಿದುಕೊಂಡರು. ಹಿಬಾ ದಬ್ಬಣಕ್ಕೆ ದಾರ ಪೋಣಿಸಿ ಕೊಟ್ಟಳು. ಮಕ್ಕಳ ನಡುವೆಯೇ ಜಾಗ ಮಾಡಿಕೊಂಡು ಕೂತು ಅವರು ಹೊಲಿಯತೊಡಗಿದರು. ಹದಿಮೂರು ಮಕ್ಕಳು ದಬ್ಬಣ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಬಾಯಿ ಬಿಟ್ಟು ನೋಡಿದರು. ಮಕ್ಕಳು ಹಾಗೆ ಸುತ್ತ ಕೂತು ಸುಮ್ಮನಾದರೆ ಪಾಣೆಮಂಗಳೂರಿನವರಿಗೆ ಬಾಯಿ ಸುಮ್ಮನಿರುವುದಿಲ್ಲ.

"ಒಂದು ಬಸ್ಸು ಇತ್ತು. ಆ ಬಸ್ಸಿಗೆ ದಿನಾ ಒಂದು ಕೋಳಿ ಹತ್ತುತ್ತಿತ್ತು" ಎಂದು ಶುರು ಮಾಡಿದರು. ಅರ್ಧ ಅರಬಿ, ಕಾಲು ಇಂಗ್ಲಿಷು, ಉಳಿದದ್ದು ಏನು ಬಂತೋ ಅದು. ಕೋಳಿ ಕಿಟಕಿಯ ಬದಿಯ ಸೀಟೇ ಬೇಕು ಎಂದು ಹಟ ಹಿಡಿಯುತ್ತದೆ. ಕಂಡಕ್ಟರು ಟಿಕೆಟು ಕೇಳಿದರೆ ಮೊಟ್ಟೆ ಇಡುತ್ತದೆ. ಕಂಡಕ್ಟರಿಗೆ ಚಿಲ್ಲರೆ ಕೊಡಲು ಗೊತ್ತಾಗುವುದಿಲ್ಲ. ಮಾತು ಸಿಗದಲ್ಲಿ ಜಲೀಲಾಕ ಕೋಳಿಯಾದರು, ಕುತ್ತಿಗೆ ಕುಣಿಸಿದರು, ಬಸ್ಸಿನ ಹಾರ್ನಾದರು. ಅರ್ಥವಾದವರು ನಕ್ಕರು, ಆಗದವರು ಅವರನ್ನು ನೋಡಿ ನಕ್ಕರು. ಸಫ್ವಾನ್ ಮೊಟ್ಟೆಯಾಗಿ ಕೆಳಗೆ ಉರುಳಿದ.

ನೂರಾ ಯಾವಾಗ ಬಂದಳೋ ಅವರಿಗೆ ಗೊತ್ತಾಗಲಿಲ್ಲ. ಒಳಗೆ ಕಾಲಿಡಲು ಜಾಗವಿಲ್ಲದೆ ಮೆಟ್ಟಿಲ ಮೇಲೆಯೇ ಕೂತು, ಕೋಳಿ ಕೊನೆಗೆ ಯಾವ ಸ್ಟಾಪಿನಲ್ಲಿ ಇಳಿಯಿತು ಎಂಬಲ್ಲಿಯವರೆಗೆ ಕೇಳಿದಳು. ಜಲೀಲಾಕ ತಲೆಯೆತ್ತಿದವರೇ ಗಾಬರಿಯಾಗಿ ಮಾವಿನ ಕಲೆಯ ಮೇಲೆ ಮೊಣಕೈ ಇಟ್ಟು ಮುಚ್ಚಲು ನೋಡಿದರು.

"ಹರಿದರೆ ಯಾರು ಹೊಲಿಯುತ್ತಾರೆ?" ಎಂದಳು ಅವಳು.

"ನಾನು ಹೊಲಿತೇನೆ."

"ಪ್ರತಿ ಸಲ?"

"ಶುಕ್ರವಾರ ನನಗೆ ಬೇರೆ ಕೆಲಸ ಇಲ್ಲ."

ಅವಳು ಎದ್ದು ಅಬಾಯಾ ಕೊಡವಿಕೊಂಡಳು. "ಹಾಗಾದರೆ ಇದನ್ನು ವಾಪಸು ಎಳೆದುಕೊಂಡು ಹೋಗಬೇಡಿ. ಇಲ್ಲೇ ಇರಲಿ. ನಾಳೆ ನಮ್ಮವರು ಬಂದು ಪಾರ್ಕಿಗೆ ಕೊಂಡೊಯ್ಯುತ್ತಾರೆ."

ಜಲೀಲಾಕ ಅವಳ ಮುಖ, ಪಾಸ್ಕಲ್ಲರ ಮುಖ ಎರಡನ್ನೂ ನೋಡಿದರು. ದಬ್ಬಣದ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿಕೊಂಡರು. ಪಾಸ್ಕಲ್ ಹಾಗೆ ಹೊತ್ತು ಕಳೆಯುವವರಲ್ಲ. ಫೈಲು ಬಿಚ್ಚಿ ಮುಂದೆ ಬಂದು, "ಮೇಡಂ, ಬಾಯಿಮಾತು ಬೇಡ. ಒಂದು ರಿಸೀಟು, ಒಂದು ಸಹಿ, ಒಂದು ಸೀಲು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ನಕ್ಕು ಮೂರನ್ನೂ ಕೊಟ್ಟಳು. ಸೀಲಿಗಾಗಿ ಮಾತ್ರ ಆಫೀಸಿನ ಡೇರೆಯವರೆಗೆ ನಡೆಯಬೇಕಾಯಿತು.

ಕಷ್ಟವಾದದ್ದು ಮಕ್ಕಳಿಗೆ ತಿಳಿಸುವುದು. ಕ್ಯಾರವಾನ್ ಗುಜರಿಗೆ ಹೋಗುವುದಿಲ್ಲ ಎಂದಾಗ ಇಬ್ಬರೂ ಕುಣಿದರು. ಮನೆಗೂ ಬರುವುದಿಲ್ಲ ಎಂದಾಗ ಸಫ್ವಾನ್ ಪಿಕಪ್ಪಿಗೆ ಸಿಕ್ಕಿಸಿದ ಕೊಂಡಿ ಹಿಡಿದು ಕೂತುಬಿಟ್ಟ. "ನಮ್ಮದು" ಎಂದ. ಒಂದೇ ಮಾತು, ಹತ್ತು ಸಲ.

"ಈಗ ಅದು ತುಂಬ ಜನರದ್ದು ಮೋನೇ."

"ಎಷ್ಟು ಜನರದ್ದು?"

"ಇವತ್ತು ಹದಿಮೂರು. ನೀನು, ಅಕ್ಕ ಸೇರಿ ಹದಿನೈದು."

ಸಫ್ವಾನ್ ಸ್ವಲ್ಪ ಯೋಚಿಸಿದ. "ಆ ಡೊಂಕು ಲೈನ್ ನಂದು. ಅದು ಅವರದ್ದಲ್ಲ."

"ಖಲಾಸ್. ಅದು ನಿಂದೇ" ಎಂದರು ಜಲೀಲಾಕ, ಮತ್ತು ಕೊಂಡಿ ಬಿಚ್ಚಿದರು.

ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಹೊರಟಾಗ ಲುಸೈಲಿನ ದೀಪಗಳು ಹತ್ತಿಕೊಂಡಿದ್ದವು. ಮಕ್ಕಳು ಡಬ್ಬಿಯ ಪುಂಡಿ ತಿನ್ನುತ್ತ, ಕೋಳಿ ನಿಜವಾಗಿ ಬಸ್ಸು ಹತ್ತುತ್ತಿತ್ತೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದರು. ಮುಂದಿನ ಶುಕ್ರವಾರ ಯಾವ ಕತೆ ಹೇಳಬೇಕೆಂದು ಹಿಬಾ ಆಗಲೇ ಅಪ್ಪಣೆ ಕೊಟ್ಟಿದ್ದಳು. ಪಿಕಪ್ಪು ಹಗುರಾಗಿ, ಕಾಲಿಟ್ಟಲ್ಲಿ ಓಡುತ್ತಿತ್ತು. ಮೊದಲ ತಿರುವಿನಲ್ಲಿ ಜಲೀಲಾಕ ಗಾಡಿಯನ್ನು ದೂರದವರೆಗೆ ಮುಂದೆ ತಂದು, ಅಗಲಕ್ಕೆ, ಬಹಳ ನಿಧಾನವಾಗಿ ತಿರುಗಿಸಿದರು. ಹಿಂದಿನ ಕಾರಿನವನು ಹಾರ್ನು ಹೊಡೆದು, ದಾಟಿಕೊಂಡು ಹೋದ.

"ಯಾರಿಗೆ ಜಾಗ ಬಿಡುದು ಮಾರಾಯ್ರೆ? ಹಿಂದೆ ಕ್ಯಾರವಾನ್ ಇಲ್ಲ ಈಗ" ಎಂದರು ಪಾಸ್ಕಲ್.

ಜಲೀಲಾಕ ಕನ್ನಡಿ ನೋಡಿದರು. ಖಾಲಿ ರಸ್ತೆ, ಅದರಾಚೆ ದೀಪ.

"ಹೌದಲ್ಲ. ಕೈಗೆ ಇನ್ನೂ ಗೊತ್ತಾಗ್ಲಿಲ್ಲ ಪೊರ್ಬುಗಳೇ" ಎಂದು ನಕ್ಕರು. ಮುಂದಿನ ತಿರುವನ್ನೂ ಅಷ್ಟೇ ಅಗಲಕ್ಕೆ ತೆಗೆದುಕೊಂಡರು.